ಪಳೆಯುಳಿಕೆ ರಿಜಿಸ್ಟರು

ಆ ಶಾಲೆಯ ಹೆಡ್ಮಾಸ್ಟರಿಗೆ ಎರಡು ಹೆಸರು. ಎದುರಿಗೆ ಸರ್, ಬೆನ್ನ ಹಿಂದೆ ಭರ್ತಿ. ಯಾವ ಕಾಗದ ಕೈಗೆ ಕೊಟ್ಟರೂ ಅದರಲ್ಲಿ ಬರೆದದ್ದನ್ನು ಅವರು ಓದುವವರಲ್ಲ, ಬರೆಯದೆ ಬಿಟ್ಟದ್ದನ್ನು ಹುಡುಕುವವರು. ಎಲ್ಲಾದರೂ ಒಂದು ಖಾಲಿ ಚೌಕ ಕಣ್ಣಿಗೆ ಬಿದ್ದರೆ ಸಾಕು, ಅವರ ಬೆರಳು ಅಲ್ಲಿಗೆ ಹೋಗಿ ಕೂರುತ್ತಿತ್ತು: "ಇದನ್ನ ಭರ್ತಿ ಮಾಡಿ." ಒಮ್ಮೆ ಶೌಚಾಲಯ ತೊಳೆಯುವ ಪಟ್ಟಿಯಲ್ಲಿ ಭಾನುವಾರಗಳು ಖಾಲಿ ಕಂಡು ಅವನ್ನೂ ಭರ್ತಿ ಮಾಡಿಸಿದ್ದರು. ಅಂದಿನಿಂದ ಶಾಲೆಯ ಶೌಚಾಲಯ ವಾರವೆಲ್ಲ ದಿನಕ್ಕೊಂದು ಸಲವೂ, ಬೀಗ ಹಾಕಿದ ಭಾನುವಾರ ಎರಡು ಸಲವೂ ತೊಳೆಸಿಕೊಳ್ಳುತ್ತಿದೆ.

ಇಂಥವರ ಕೈಗೆ ವಿಜ್ಞಾನದ ಟೀಚರು ಸೋಮವಾರ ಬೆಳಗ್ಗೆ ಏಳನೇ ತರಗತಿಯ ಪಾಠಯೋಜನೆ ಕೊಟ್ಟಳು. ಅದರಲ್ಲಿ, ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ, ಹೀಗೆ ಬರೆದಿದ್ದಳು: "ಪಳೆಯುಳಿಕೆ ದಾಖಲೆ ಅಪೂರ್ಣವಾಗಿದೆ. ನಡುವೆ ದೊಡ್ಡ ದೊಡ್ಡ ಅಂತರಗಳಿವೆ. ಇದನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು."

ಹತ್ತು ನಿಮಿಷಕ್ಕೆ ಜವಾನ ಬಂದು ಕರೆದ. ಆಫೀಸು ಕೋಣೆಯಲ್ಲಿ ಹೆಡ್ಮಾಸ್ಟರು ಕೂತಿದ್ದರು, ಗುಮಾಸ್ತರು ನಿಂತಿದ್ದರು, ಪಾಠಯೋಜನೆ ಇಬ್ಬರ ನಡುವೆ ಮೇಜಿನ ಮೇಲೆ ಅಂಗಾತ ಬಿದ್ದಿತ್ತು.

"ಏನ್ರೀ ಇದು ಟೀಚರ್? ಗುರುವಾರ ಇನ್ಸ್‌ಪೆಕ್ಟರ್ ಮೇಡಂ ಬರ್ತಾರೆ. ನಮ್ಮ ದಾಖಲೆ ಅಪೂರ್ಣ ಅಂತ ನೀವೇ ಬರೆದು ಕೈಗೆ ಕೊಡ್ತೀರಾ?"

"ಸರ್, ಅದು ಶಾಲೆ ದಾಖಲೆ ಅಲ್ಲ. ಭೂಮಿದು."

"ಯಾರದ್ದಾದ್ರೂ ಆಗ್ಲಿ. ಇಟ್ಕೊಂಡಿರೋರು ಯಾರು?"

"ಕಲ್ಲು, ಸರ್."

ಹೆಡ್ಮಾಸ್ಟರು ಗುಮಾಸ್ತರ ಮುಖ ನೋಡಿದರು. ಗುಮಾಸ್ತರು ಹಾಗೊಬ್ಬ ನೌಕರ ತಮ್ಮ ಕಾಲದಲ್ಲಿ ಇರಲಿಲ್ಲವೆಂಬಂತೆ ತಲೆಯಾಡಿಸಿದರು.

"ಎಷ್ಟು ದಿನದ್ದು ಬಾಕಿ ಇದೆ?"

"ಒಂದು ಕಡೆ ಒಂದೂವರೆ ಕೋಟಿ ವರ್ಷದ್ದು, ಸರ್. ಮೀನಿಗೆ ಕಾಲು ಬಂತಲ್ಲ, ಅದಾದ ಮೇಲೆ ಬಹಳ ಕಾಲ ಹೆಚ್ಚುಕಡಿಮೆ ಏನೂ ಸಿಕ್ಕಿಲ್ಲ."

ಹೆಡ್ಮಾಸ್ಟರು ಲೋಟ ಎತ್ತಿ ನೀರು ಕುಡಿದರು. "ನೋಡ್ರೀ, ನಾನು ಇಲ್ಲಿ ಚಾರ್ಜು ತಗೊಂಡು ಆರು ವರ್ಷ. ಅದರ ಹಿಂದಿಂದಕ್ಕೆ ನಾನು ಜವಾಬ್ದಾರನಲ್ಲ. ಆದ್ರೂ ಗುರುವಾರದೊಳಗೆ ಒಂದು ಸಾಲೂ ಖಾಲಿ ಇರಕೂಡದು."

ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲ ಕಡೆಯೂ ಇರುತ್ತಾರೆ. ಆದರೆ ಹಗ್ಗ ಹಿಡಿದುಕೊಂಡು ಓಡುವವರು ಗುಮಾಸ್ತರಂಥ ಅಪರೂಪದ ಜನ. ಅವರು ಕಪಾಟಿನ ತಳದಿಂದ ಬಳಸದ ಒಂದು ದಾಖಲಾತಿ ರಿಜಿಸ್ಟರು ಎಳೆದು, ಧೂಳು ಝಾಡಿಸಿ, ಮೇಲಿನ ಚೀಟಿಯಲ್ಲಿ ದುಂಡಗಿನ ಅಕ್ಷರದಲ್ಲಿ "ಪಳೆಯುಳಿಕೆ ದಾಖಲೆ, ಸಂಪುಟ ಒಂದು" ಎಂದು ಬರೆದು ಅವಳ ಕೈಗಿಟ್ಟರು. ಒಳಗೆ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವಾಗ ತುಂಬುವ ಕಾಲಂಗಳು: ಹೆಸರು, ತಂದೆಯ ಹೆಸರು, ಗುರುತಿನ ಚಿಹ್ನೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಷರಾ.

ಬೇರೆ ದಿನವಾಗಿದ್ದರೆ ಟೀಚರು ಅದನ್ನು ಮೇಜಿನ ಮೇಲೆ ಕುಕ್ಕಿ, ನಾಲ್ಕು ಮಾತಾಡಿ ಬರುತ್ತಿದ್ದಳು. ಅವಳ ನಾಲಗೆಗೆ ಹೆಡ್ಮಾಸ್ಟರೇ ಹೆದರುತ್ತಿದ್ದರು. ಆದರೆ ಅವತ್ತು ಅವಳು ರಿಜಿಸ್ಟರನ್ನು ಎದೆಗೆ ಅವಚಿಕೊಂಡು ಸುಮ್ಮನೆ ಎದ್ದು ಬಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ಅವಳದಾಗಿತ್ತು.

ವಿಷಯ ಇಷ್ಟು. ಅವಳ ಮೂರು ವರ್ಷದ ಪ್ರೊಬೇಷನ್ ಹೋದ ತಿಂಗಳು ಮುಗಿದಿತ್ತು. ಗುರುವಾರ ಇನ್ಸ್‌ಪೆಕ್ಟರಮ್ಮ ಪಾಠ ನೋಡಿ, ಸೇವಾ ಪುಸ್ತಕ ನೋಡಿ, ಸಹಿ ಹಾಕಿದರೆ ಕೆಲಸ ಖಾಯಂ. ಆದರೆ ಮೊದಲ ವರ್ಷದ ಎಂಟನೇ ತಿಂಗಳಲ್ಲಿ ಆ ಪುಸ್ತಕಕ್ಕೊಂದು ತೂತು ಇತ್ತು, ನಲವತ್ತೊಂದು ದಿನದ್ದು. ಅಮ್ಮನಿಗೆ ಹುಷಾರಿಲ್ಲ ಎಂದು ಫೋನು ಬಂದಾಗ ಅವಳು ಬೋರ್ಡಿನ ಮೇಲೆ ಅರ್ಧ ಬರೆದ ವಾಕ್ಯ ಹಾಗೇ ಬಿಟ್ಟು ಓಡಿದ್ದಳು. ರಜೆ ಅರ್ಜಿ ಎಂಬ ಒಂದು ವಸ್ತು ಪ್ರಪಂಚದಲ್ಲಿದೆ ಎಂದು ನೆನಪಾದದ್ದು ಎಲ್ಲ ಮುಗಿಸಿ ವಾಪಸು ಬಂದ ಮೇಲೆ. ನಿಯಮದ ಪ್ರಕಾರ ಅರ್ಜಿಯಿಲ್ಲದೆ ಹೋದರೆ ಸೇವೆ ಮುರಿದಂತೆ. ವಾಪಸು ಬಂದ ದಿನದಿಂದ ಮೂರು ವರ್ಷ ಹೊಸದಾಗಿ ಎಣಿಸಬೇಕು. ಅಷ್ಟರೊಳಗೆ ವರ್ಷದ ಕೊನೆಯ ವರ್ಗಾವಣೆ ಪಟ್ಟಿ ಬರುತ್ತದೆ, ಖಾಯಂ ಆಗದವರನ್ನು ಯಾವ ಮೂಲೆಗೆ ಬೇಕಾದರೂ ಎತ್ತಿ ಹಾಕುತ್ತದೆ.

ಒಬ್ಬಳೇ ಆಗಿದ್ದರೆ ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಿದ್ದಳೋ ಏನೋ. ಅಮ್ಮ ಹೋದ ಮೇಲೆ ಅಪ್ಪ ಅವಳ ಮನೆಗೆ ಬಂದಿದ್ದ. ಟೈಲರಾಗಿ ನಲವತ್ತು ವರ್ಷ ದುಡಿದವನು. ಹೊಸ ಮನೆಯಲ್ಲಿ ಯಾವ ಕಿಟಕಿಗೆ ಯಾವ ಹೊತ್ತಿನಲ್ಲಿ ಸೂಜಿ ಪೋಣಿಸುವಷ್ಟು ಬೆಳಕು ಬರುತ್ತದೆ ಎಂದು ಕಂಡುಕೊಳ್ಳಲು ಅವನಿಗೆ ಒಂದೂವರೆ ವರ್ಷ ಹಿಡಿದಿತ್ತು. ಮತ್ತೊಮ್ಮೆ ಅವನನ್ನು ಕಿತ್ತು ನೆಡಲು ಅವಳಿಗೆ ಮನಸ್ಸಿರಲಿಲ್ಲ.

ಆದ್ದರಿಂದ ಮೂರು ವಾರದ ಹಿಂದೆ ಗುಮಾಸ್ತರು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಆ ತೂತಿಗೆ ತೇಪೆ ಹಾಕಿ ಕೊಟ್ಟಾಗ ಅವಳು ಕಣ್ಣು ಮುಚ್ಚಿ ಸಹಿ ಹಾಕಿದ್ದಳು. "ವಿಜ್ಞಾನ ಮಾದರಿ ತಯಾರಿಕೆ ತರಬೇತಿ, ನಲವತ್ತೊಂದು ದಿನ." ಹೆಡ್ಮಾಸ್ಟರು ನೋಡಿ, "ಹಾಂ, ಈಗ ನೋಡೋಕೆ ಚೆನ್ನಾಗಿದೆ" ಅಂದಿದ್ದರು.

ಸೋಮವಾರ ಸಂಜೆ ಅಪ್ಪ ಕಿಟಕಿಯ ಪಕ್ಕ ಕೂತು ಯಾರದೋ ಪ್ಯಾಂಟಿನ ಸೊಂಟ ಸಡಿಲಿಸುತ್ತಿದ್ದ. ಅವಳು ರಿಜಿಸ್ಟರಿನ ಕತೆ ಹೇಳಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಡೈನೋಸಾರ್‌ದು ಸೊಂಟ ಎಷ್ಟಿತ್ತು ಪುಟ್ಟಿ?"

"ಈ ಮನೆ ಸುತ್ತಳತೆ ಅಂದ್ಕೋ."

"ಒಳ್ಳೇ ಟೈಮಲ್ಲಿ ಸತ್ತಿವೆ. ನಂಗೆ ತಂದು ಸಡಿಲ ಮಾಡ್ಕೊಡು ಅಂದಿದ್ರೆ ಕಷ್ಟ ಆಗ್ತಿತ್ತು."

ನಗುವಿನ ಜೊತೆಗೇ ಅವಳು ಇನ್ನೊಂದನ್ನೂ ಹೇಳಿಬಿಟ್ಟಳು. "ನನ್ನ ಸರ್ವಿಸ್ ಬುಕ್ಕಲ್ಲೂ ಒಂದು ಖಾಲಿ ಇತ್ತಪ್ಪ. ಆ ನಲವತ್ತೊಂದು ದಿನ. ಅದನ್ನೂ ಭರ್ತಿ ಮಾಡಿದ್ದಾರೆ. ತರಬೇತಿಗೆ ಹೋಗಿದ್ದೆ ಅಂತ."

ಅಪ್ಪ ದಾರ ಹಲ್ಲಿನಲ್ಲಿ ಕಡಿದ. "ಒಳ್ಳೇದಾಯ್ತು ಬಿಡು. ಕೆಲಸ ಉಳೀತಲ್ಲ." ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಕೊಂಡ. "ಹಾಗಾದ್ರೆ ಆಗ ನಿಮ್ಮಮ್ಮನ ಹತ್ರ ಇದ್ದಿದ್ದು ಯಾರಂತೆ?"

ಅವನು ತಮಾಷೆಗೇ ಕೇಳಿದ್ದು. ಆದರೆ ಇಬ್ಬರಿಗೂ ನಗು ಬರಲಿಲ್ಲ.

ಮಂಗಳವಾರ ಅವಳು ರಿಜಿಸ್ಟರನ್ನು ಏಳನೇ ತರಗತಿಗೆ ಹೊತ್ತುಕೊಂಡು ಹೋದಳು. ಕೆಟ್ಟ ಸರಕು ತಲೆಗೆ ಕಟ್ಟಿದ್ದಾರೆ, ಮಕ್ಕಳ ತಲೆಗಾದರೂ ದಾಟಿಸೋಣ ಎಂದಷ್ಟೇ ಅವಳ ಲೆಕ್ಕ. ಆದರೆ ಹತ್ತು ನಿಮಿಷದಲ್ಲಿ ತರಗತಿ ಸಂತೆಯಾಯಿತು. ಪುಸ್ತಕದಲ್ಲಿ ಪದರಶಿಲೆ, ಯುಗ, ಕಾಲಮಾನ ಎಂದರೆ ಆಕಳಿಸುತ್ತಿದ್ದ ಮಕ್ಕಳಿಗೆ ಸೇರಿದ ದಿನ, ಬಿಟ್ಟ ದಿನ ಎಂದಾಗ ಎಲ್ಲ ನಿಚ್ಚಳವಾಯಿತು. ಭೂಮಿ ಒಂದು ಶಾಲೆ. ಕೆಳಗಿನ ಪದರದವರು ಮೊದಲು ಸೇರಿದವರು, ಮೇಲಿನ ಪದರದವರು ಆಮೇಲೆ ಬಂದವರು. ಕೆಲವರು ಓದು ಮುಗಿಸದೆ ಬಿಟ್ಟವರು.

ಮೊದಲ ಹೆಸರು ಟ್ರೈಲೋಬೈಟು. ಕಡಲ ತಳದಲ್ಲಿ ಹರಿದಾಡುತ್ತಿದ್ದ, ಹುಳುವೂ ಅಲ್ಲದ ಏಡಿಯೂ ಅಲ್ಲದ ಪ್ರಾಣಿ. ಸೇರಿದ್ದು ಐವತ್ತೆರಡು ಕೋಟಿ ವರ್ಷದ ಹಿಂದೆ, ಬಿಟ್ಟದ್ದು ಇಪ್ಪತ್ತೈದು ಕೋಟಿ ವರ್ಷದ ಹಿಂದೆ. ಷರಾ: "ಇಷ್ಟು ವರ್ಷ ಒಂದೇ ಶಾಲೆಯಲ್ಲಿ ಇದ್ದರೂ ಮುಂದಿನ ಕ್ಲಾಸಿಗೆ ಹೋಗಲಿಲ್ಲ." ಡೈನೋಸಾರಿನ ಗುರುತಿನ ಚಿಹ್ನೆ: "ನೋಡಿದ ಕೂಡಲೇ ಗೊತ್ತಾಗುತ್ತದೆ." ಬಿಟ್ಟ ಕಾರಣ: "ಆಕಾಶದಿಂದ ಕಲ್ಲು ಬಿತ್ತು." ಜಿರಳೆಗೆ ಸೇರಿದ ದಿನ ಮೂವತ್ತು ಕೋಟಿ ವರ್ಷದ ಹಿಂದೆ, ಬಿಟ್ಟ ದಿನ ಇನ್ನೂ ಇಲ್ಲ, ಷರಾದಲ್ಲಿ "ಕ್ಯಾಂಟೀನಿನಲ್ಲಿ ಸಿಗುತ್ತದೆ." ನಾಲ್ಕು ಕಾಲಿನವರೆಲ್ಲರ ತಂದೆಯ ಹೆಸರಿನ ಕಾಲಂನಲ್ಲಿ ಮೀನು ಎಂದು ಬರೆಯಬೇಕಾಗಿ ಬಂದಾಗ ಮುಂದಿನ ಬೆಂಚು ಹಿಂದಿನ ಬೆಂಚಿನ ಮುಖವನ್ನು ಬಹಳ ಹೊತ್ತು ಪರೀಕ್ಷಿಸಿತು.

ಬುಧವಾರ ಖಾಲಿ ಜಾಗಗಳ ಸರದಿ. ಯಾಕೆ ಎಲ್ಲರೂ ಸಿಗುವುದಿಲ್ಲ? ಕಲ್ಲಾಗಿ ಉಳಿಯಬೇಕಾದರೆ ಚೆನ್ನಾಗಿ ಬದುಕಿದರೆ ಸಾಲದು, ಸರಿಯಾದ ಕೆಸರು ನೋಡಿ ಸಾಯಬೇಕು, ಬೇಗ ಮುಚ್ಚಿಹೋಗಬೇಕು, ಮೂಳೆಯೋ ಚಿಪ್ಪೋ ಇರಬೇಕು. ಮೈ ಮೆತ್ತಗಿದ್ದವರು ಸದ್ದಿಲ್ಲದೆ ಹೋದವರು. ಹಾಗೆ ಮೀನಿಗೆ ಕಾಲು ಬಂದ ನಂತರದ ಒಂದೂವರೆ ಕೋಟಿ ವರ್ಷಕ್ಕೆ ಮಕ್ಕಳು ಒಂದು ಇಡೀ ಪುಟವನ್ನು ಖಾಲಿ ಬಿಟ್ಟರು. ಸಾಲಿಗೆ ಸಾಲು ಬಿಳಿ. ಎಲ್ಲ ಪುಟಗಳಿಗಿಂತ ಅದೇ ಚೆನ್ನಾಗಿದೆ ಎಂದು ಅವಳಿಗೆ ಅನ್ನಿಸಿತು.

ಗುರುವಾರ ಇನ್ಸ್‌ಪೆಕ್ಟರಮ್ಮ ಬಂದರು. ಸಣ್ಣ ದೇಹ, ದೊಡ್ಡ ಕನ್ನಡಕ, ನಗುವುದಕ್ಕೂ ಮೇಲಧಿಕಾರಿಗಳ ಅನುಮತಿ ಬೇಕೆನ್ನುವ ಮುಖ. ಊಟವಾದ ಮೇಲಿನ ಪಿರಿಯಡ್ಡಿಗೆ ಏಳನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತರು. ಬಾಗಿಲ ಬಳಿ ಹೆಡ್ಮಾಸ್ಟರು ನಿಂತರು. ಪಾಠ ಗಾಳಿಯಲ್ಲಿ ಬಿಟ್ಟ ಪಟದ ಹಾಗೆ ಏರಿತು. ಟ್ರೈಲೋಬೈಟಿಗೆ ಇನ್ಸ್‌ಪೆಕ್ಟರಮ್ಮನ ತುಟಿ ಒಂದು ಸಲ ಅಲುಗಿತು. ಜಿರಳೆಗೆ ಅವರು ಕೆಮ್ಮಿದಂತೆ ಮಾಡಿದರು. ಖಾಲಿ ಪುಟ ಓದಲು ಟೀಚರು ಪ್ರಶ್ನೆಪತ್ರಿಕೆಯನ್ನು ಕರೆದಳು. ಆ ಹುಡುಗಿಗೆ ತರಗತಿಯವರೇ ಇಟ್ಟ ಹೆಸರದು. ಅವಳು ಬಾಯಿ ತೆರೆದರೆ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯೇ ಬೀಳುತ್ತಿತ್ತು.

ಹುಡುಗಿ ಪುಟ ತೆರೆದು ಓದತೊಡಗಿದಳು. "ಹೆಸರು, ಮೀನೋಸಾರಸ್. ಗುರುತಿನ ಚಿಹ್ನೆ, ಎಡಗೆನ್ನೆಯ ಮೇಲೆ ಮಚ್ಚೆ. ಬಿಟ್ಟ ಕಾರಣ, ತಂದೆಯ ವರ್ಗಾವಣೆ."

ಟೀಚರು ಬಂದು ಇಣುಕಿದಳು. ಪುಟದ ತುಂಬ ಗುಮಾಸ್ತರ ದುಂಡಗಿನ ಅಕ್ಷರ. ಮೀನೋಸಾರಸ್, ಕಪ್ಪೋಸಾರಸ್, ಅರೆಗಾಲು ಮೀನು, ಪೂರ್ಣಗಾಲು ಮೀನು, ಒಟ್ಟು ಇಪ್ಪತ್ತನಾಲ್ಕು ಮಂದಿ. ಎಲ್ಲರೂ ತಂದೆಯ ವರ್ಗಾವಣೆಯ ಕಾರಣಕ್ಕೇ ಶಾಲೆ ಬಿಟ್ಟಿದ್ದರು. ಊಟದ ಬಿಡುವಿನಲ್ಲಿ ಕೂತು ಬರೆದಿರಬೇಕು. ಕೆಳಗಿನ ಸಾಲುಗಳ ಶಾಯಿ ಇನ್ನೂ ಪೂರ್ತಿ ಆರಿರಲಿಲ್ಲ. ಬಾಗಿಲಲ್ಲಿ ಹೆಡ್ಮಾಸ್ಟರು ಹೆಮ್ಮೆಯಿಂದ ಕತ್ತು ಆಡಿಸುತ್ತಿದ್ದರು.

"ಟೀಚರ್, ಬೆಳಗ್ಗೆ ಇದು ಖಾಲಿ ಇತ್ತಲ್ಲ? ಇವರೆಲ್ಲ ಯಾರಿಗೆ ಸಿಕ್ಕಿದ್ರು?"

ಹೌದು, ಈಗ ತಾನೇ ಸಿಕ್ಕಿದರು, ಪೇಪರಿನಲ್ಲಿ ಬಂದಿದೆ ಎಂದುಬಿಟ್ಟರೆ ಮುಗಿಯಿತು. ಹೆಡ್ಮಾಸ್ಟರಿಗೂ ಸಂತೋಷ, ಗುಮಾಸ್ತರಿಗೂ ಕ್ಷೇಮ, ಅರ್ಧ ಗಂಟೆಯಲ್ಲಿ ಸಹಿ. ಅವಳು ನಿಜವಾಗಿಯೂ ಬಾಯಿ ತೆರೆದಳು. ಆದರೆ ಮೀನೋಸಾರಸ್ಸಿನ ಎಡಗೆನ್ನೆಯ ಮಚ್ಚೆ ನೋಡಿ ಅವಳಿಗೆ ಮೈಯೆಲ್ಲ ಉರಿಯಿತು.

"ಯಾರಿಗೂ ಸಿಕ್ಕಿಲ್ಲ ಕಣೆ. ಇದು ಶುದ್ಧ ಸುಳ್ಳು." ಕೆಂಪು ಪೆನ್ನು ತೆಗೆದು ಪುಟದ ಮೂಲೆಯಿಂದ ಮೂಲೆಗೆ ಗೀರು ಎಳೆದಳು. ಬಾಗಿಲಲ್ಲಿ ಹೆಡ್ಮಾಸ್ಟರು, ಗೀರು ತಮ್ಮ ಬೆನ್ನಿನ ಮೇಲೇ ಎಳೆದಂತೆ, ಹಾ ಎಂದರು.

"ಮತ್ತೆ ಖಾಲಿ ಅಂದ್ರೆ ಅಲ್ಲಿ ಯಾರೂ ಇರಲಿಲ್ಲ ಅಂತಾನಾ?"

"ಇದ್ರು. ಖಂಡಿತ ಇದ್ರು. ಇಲ್ದಿದ್ರೆ ನಾವೆಲ್ಲಿಂದ ಬರ್ತಿದ್ವಿ? ಸಿಕ್ಕಿಲ್ಲ, ಅಷ್ಟೆ. ಆ ಜಾಗ ಅವರದ್ದು. ಅಲ್ಲಿ ಸುಳ್ಳನ್ನ ಕೂರಿಸಿಬಿಟ್ರೆ, ನಾಳೆ ಅವರೇ ಬಂದಾಗ ಕೂರೋಕೆ ಜಾಗ ಇರಲ್ಲ."

ಹೇಳಿ ಮುಗಿಸಿದ ಮೇಲೆ ಅವಳಿಗೆ ಯಾರೋ ಕೆನ್ನೆಗೆ ಬಡಿದಂತಾಯಿತು. ತಿರುಗಿ ಬೋರ್ಡು ಒರೆಸಿದಳು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ.

ಆಫೀಸು ಕೋಣೆಯಲ್ಲಿ ಹೆಡ್ಮಾಸ್ಟರು ಗೋಡೆಗೆ ಒರಗಿ ನಿಂತಿದ್ದರು. ಗುಮಾಸ್ತರು ಕಪಾಟಿನ ಹಿಂದೆ ಏನನ್ನೋ ಹುಡುಕುತ್ತಿದ್ದರು, ಬಹುಶಃ ಕಪಾಟಿನ ಹಿಂದೆಯೇ ಉಳಿಯುವ ಉಪಾಯವನ್ನು. ಇನ್ಸ್‌ಪೆಕ್ಟರಮ್ಮ ಸೇವಾ ಪುಸ್ತಕದ ಹಾಳೆ ತಿರುಗಿಸುತ್ತ ಕೂತಿದ್ದರು.

"ಇಪ್ಪತ್ತೆರಡು ವರ್ಷದಿಂದ ಪಾಠ ನೋಡ್ತಿದೀನಿ. ನಿದ್ದೆ ಬರದೇ ಇದ್ದದ್ದು ಇದು ಮೂರನೇದು. ಆ ಪುಟ ಹೊಡೆದು ಹಾಕಿದ್ರಲ್ಲ, ಅದು ಸರಿ." ಹೆಡ್ಮಾಸ್ಟರು ಗೋಡೆಯಿಂದ ಬಿಡಿಸಿಕೊಂಡರು. ಇನ್ಸ್‌ಪೆಕ್ಟರಮ್ಮ ಹಸಿರು ಪೆನ್ನಿನ ಮುಚ್ಚಳ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಓಹೋ. ಮಾದರಿ ತಯಾರಿಕೆ ತರಬೇತಿ, ನಲವತ್ತೊಂದು ದಿನ. ಅದಕ್ಕೇ ಮತ್ತೆ, ಇಷ್ಟು ಚೆನ್ನಾಗಿ ಪಾಠ ಮಾಡೋದು. ಅಲ್ಲೇ ಕಲಿತ್ರಿ ಅಲ್ವಾ?"

ಅವಳು ಹೌದು ಅನ್ನಬೇಕಾಗಿತ್ತು. ಎರಡಕ್ಷರದ ಮಾತು. ಆದರೆ ಆ ನಲವತ್ತೊಂದು ದಿನದಲ್ಲಿ ಅವಳು ಕಲಿತದ್ದು ಬೇರೆ. ಮಲಗಿದವರ ಮೈ ನೋಯದಂತೆ ಹಾಸಿಗೆ ಬದಲಿಸುವುದು, ಚಮಚದಲ್ಲಿ ಹನಿಹನಿಯಾಗಿ ನೀರು ಬಿಡುವುದು, ಅಮ್ಮ ಬೈದರೆ ಇವತ್ತು ಪರವಾಗಿಲ್ಲ ಎಂದು ಸಂತೋಷಪಡುವುದು, ಬೈಯದ ದಿನ ಹೆದರುವುದು.

"ನಾನು ಯಾವ ತರಬೇತಿಗೂ ಹೋಗಿಲ್ಲ ಮೇಡಂ."

ಕಪಾಟಿನ ಹಿಂದೆ ಏನೋ ಬಿತ್ತು.

"ನಮ್ಮಮ್ಮ ಸಾಯ್ತಿದ್ರು. ಹತ್ರ ಇದ್ದೆ. ಅರ್ಜಿ ಕೊಟ್ಟಿರಲಿಲ್ಲ."

"ಇದನ್ನ ಬರೆದೋರು ಯಾರು?"

"ಸಹಿ ನಂದು ಮೇಡಂ. ನಾನೇ ಅಂತ ಇಟ್ಕೊಳ್ಳಿ."

ಇನ್ಸ್‌ಪೆಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದೆ ಅವರು ಸುಸ್ತಾದ ಯಾರದೋ ದೊಡ್ಡಮ್ಮನ ಹಾಗೆ ಕಾಣುತ್ತಿದ್ದರು. "ನಿಯಮ ಗೊತ್ತಲ್ಲ? ನಾನು ಹೊಡೆದು ಹಾಕಿದ್ರೆ ವಾಪಸು ಬಂದ ದಿನದಿಂದ ಮತ್ತೆ ಎಣಿಸಬೇಕು. ಇನ್ನೂ ಒಂಬತ್ತು ತಿಂಗಳು. ವರ್ಗಾವಣೆ ಪಟ್ಟಿ ಅದಕ್ಕಿಂತ ಮುಂಚೆ ಬರತ್ತೆ. ನೀವು ಸುಮ್ನಿದ್ದಿದ್ರೆ ನಂಗೇನೂ ಗೊತ್ತಾಗ್ತಿರಲಿಲ್ಲ."

"ಹೊಡೆದು ಹಾಕಿ ಮೇಡಂ. ಆ ಜಾಗ ಅಮ್ಮಂದು."

ಹೊರಗೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಇನ್ಸ್‌ಪೆಕ್ಟರಮ್ಮ ಕನ್ನಡಕ ಹಾಕಿಕೊಂಡು, ಅಳತೆಪಟ್ಟಿ ಇಟ್ಟು, ತರಬೇತಿಯ ಸಾಲಿನ ಮೇಲೆ ನೇರವಾಗಿ ಒಂದು ಗೀರು ಎಳೆದರು. ಪಕ್ಕದಲ್ಲಿ ಸಹಿ ಮಾಡಿದರು. ಹೆಡ್ಮಾಸ್ಟರಿಗೆ ತಡೆಯಲಾಗಲಿಲ್ಲ. ಹತ್ತಿರ ಬಂದು ಬೆರಳು ಚಾಚಿದರು. "ಮೇಡಂ, ಷರಾ ಕಾಲಂ ಖಾಲಿ ಉಳೀತಲ್ಲ. ಅಲ್ಲೇನಾದ್ರೂ..."

"ಮುಟ್ಟಿ ನೋಡಿ," ಎಂದರು ಇನ್ಸ್‌ಪೆಕ್ಟರಮ್ಮ. ಹೆಡ್ಮಾಸ್ಟರು ಕೈ ಜೇಬಿನೊಳಗೆ ಇಳಿಸಿಕೊಂಡರು.

ದಾರಿಯುದ್ದಕ್ಕೂ ಟೀಚರು ತನಗೆ ತಾನೇ ಬೈದುಕೊಂಡು ಬಂದಳು. ಸತ್ಯಸಂಧೆಯಾಗಲು ಒಳ್ಳೆಯ ದಿನ ನೋಡಿಕೊಂಡಳು ಮಹಾತಾಯಿ. ಇನ್ನೊಂದು ವಾರ ತಡೆದಿದ್ದರೆ ಏನು ಗಂಟು ಹೋಗುತ್ತಿತ್ತು? ಅಪ್ಪನಿಗೆ ಯಾವ ಮುಖ ಹೊತ್ತು ಹೇಳುವುದು? ಮನೆ ಮುಟ್ಟುವ ಹೊತ್ತಿಗೆ ಹೇಳಬೇಕಾದ ಮಾತನ್ನು ಆರು ರೀತಿಯಲ್ಲಿ ಜೋಡಿಸಿಕೊಂಡಿದ್ದಳು. ಬಾಗಿಲು ತೆಗೆದ ಅಪ್ಪನ ಮುಖ ನೋಡಿ ಆರೂ ಮರೆತುಹೋದವು.

"ಖಾಯಂ ಆಗಲಿಲ್ಲಪ್ಪ. ಹೇಳಿಬಿಟ್ಟೆ. ಮನೆ ಬಿಡಬೇಕಾಗಬಹುದು."

ಅಪ್ಪ ಅವಳ ಕೈಚೀಲ ಇಸಿದುಕೊಂಡು ಮೊಳೆಗೆ ನೇತುಹಾಕಿದ. ಹೋಗಿ ಕಿಟಕಿಯ ಪಕ್ಕದ ತನ್ನ ಕುರ್ಚಿಯಲ್ಲಿ ಕೂತ.

"ತರಬೇತಿ ಅಂತ ಇದ್ದದ್ದು?"

"ತೆಗೆಸಿದೆ."

"ಈಗ ಏನಂತಿದೆ?"

"ಏನಿಲ್ಲ. ಖಾಲಿ."

ಅಪ್ಪ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟ. ಆಮೇಲೆ, "ನಿಮ್ಮಮ್ಮ ಮೂಸಂಬಿ ಬೇಕು ಅಂದಿದ್ದು ಯಾವತ್ತು ಹೇಳು? ನೀನು ಊರೆಲ್ಲ ಸುತ್ತಿ ತಂದ್ರೆ, ಇದು ಹುಳಿ, ನಿಮ್ಮಪ್ಪನ ಹಾಗಿದೆ ಅಂದು ಮುಖ ತಿರುಗಿಸಿದ್ಲಲ್ಲ, ಅವತ್ತು?" ಎಂದ.

"ಹದಿನೇಳನೇ ದಿನ."

"ಅಲ್ವೇ ಅಲ್ಲ. ಹತ್ತೊಂಬತ್ತು. ಹದಿನೇಳಕ್ಕೆ ಡಾಕ್ಟರ್‌ಗೆ ಬೈದಿದ್ದು."

"ಡಾಕ್ಟರ್‌ಗೆ ಬೈದಿದ್ದು ಇಪ್ಪತ್ತಕ್ಕೆ. ನಾನು ಪಕ್ಕದಲ್ಲೇ ಇದ್ದೆ ಕಣಪ್ಪ."

"ನಾನೇನು ಪಕ್ಕದೂರಲ್ಲಿ ಇದ್ನಾ?"

ಅವಳು ಚಪ್ಪಲಿ ಬಿಟ್ಟು ಅಪ್ಪನ ಎದುರು ನೆಲದ ಮೇಲೆ ಕೂತಳು. ಮೊದಲನೇ ದಿನದಿಂದ ಹಿಡಿದು, ಬೆರಳು ಮಡಚುತ್ತ, ಇಬ್ಬರೂ ಜೋರಾಗಿ ಜಗಳ ಶುರು ಮಾಡಿದರು.